ತಮ್ಮನ ಸಹಿ

ಮಗಳೇ,

ಅವ್ವನ ಆಶೀರ್ವಾದ. ನಾವಿಲ್ಲಿ ಕ್ಷೇಮ. ನಿನ್ನ ತಮ್ಮ ನೀಲಿ ಅಂಗಿ ಹಾಕಿಕೊಂಡು ಓಣಿ ತುಂಬ ಓಡಾಡುತ್ತಿದ್ದಾನೆ. ಅಂಗಡಿಯಲ್ಲಿ ತಾನೇ ಬೆರಳು ಮಾಡಿ ಆರಿಸಿದ್ದು.

ಫೋನಿನಲ್ಲಿ ಹೇಳಲಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪ ತೀರಿಕೊಂಡ ಮೇಲೆ ತಮ್ಮನ ಪಾಲಿನ ಹಣಕ್ಕೆ ಬ್ಯಾಂಕಿಗೆ ಹೋಗಿದ್ದೆನಲ್ಲ, 'ಇವಗ 26 ತುಂಬ್ಯಾವು, ನಿಮ್ಮ ಸಹಿ ನಡೆಯಂಗಿಲ್ರಿ' ಅಂದರು. ಹೆತ್ತವಳು ನಾನು! ಅಲ್ಲೇ ಅತ್ತುಬಿಟ್ಟೆ. ಆದರೆ ಅವರ ಮಾತು ಖರೆ. ಮಕ್ಕಳಿಗೆ 18 ತುಂಬಿದರೆ ತಾಯಿಯ ಸಹಿಗೂ ಬೆಲೆಯಿಲ್ಲ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವಿಕಲತೆ ಇದ್ದ ನಿನ್ನ ತಮ್ಮನಂಥವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಡಿಸಿ ಸಾಹೇಬರ ಸಮಿತಿಯೇ ಗಾರ್ಡಿಯನ್, ಅಂದರೆ ಅವರ ಪರವಾಗಿ ಸಹಿ ಮಾಡುವ ಪಾಲಕರನ್ನು ನೇಮಿಸುತ್ತದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಮೂರು ಸಲ ಓಡಾಡಿದೆವು. ಆ ಸಮಿತಿಯಲ್ಲಿ ಒಬ್ಬರು ಅಂಗವಿಕಲರೂ ಇರಬೇಕು. ಅವರು ನನ್ನನ್ನು ಬಿಟ್ಟು ತಮ್ಮನ ಕಡೆ ತಿರುಗಿ, 'ನಿಮ್ಮ ಪರವಾಗಿ ಯಾರು ಸಹಿ ಮಾಡಬೇಕ್ರಿ?' ಎಂದು ಕೇಳಿದರು. ಅಲ್ಲಿಯವರೆಗೆ ಅವನನ್ನು ಯಾರೂ 'ರೀ' ಹಚ್ಚಿ ಮಾತಾಡಿಸಿದ್ದು ನಾ ಕಂಡಿಲ್ಲ. ಅವನು ನನ್ನ ಸೆರಗು ಹಿಡಿದ.

ಆದೇಶ ಸಿಕ್ಕಿತು. ಆರು ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ ಕೊಡಬೇಕಿತ್ತು, ಕೊಟ್ಟೆ. ಪ್ರತಿ ವರ್ಷ ಮಾರ್ಚ್ ಮುಗಿದು ಮೂರು ತಿಂಗಳಲ್ಲಿ ಲೆಕ್ಕ ಒಪ್ಪಿಸಬೇಕು. ಸ್ವಂತ ಮಗನ ದುಡ್ಡಿಗೆ ಲೆಕ್ಕವೇ ಎಂದು ಮೊದಲು ಸಿಟ್ಟು ಬಂತು. ಈಗ ಔಷಧದ ಚೀಟಿಯನ್ನೂ ವಹಿಗೆ ಅಂಟಿಸಿಡುತ್ತೇನೆ. ಅವನ ದುಡ್ಡು ಅವನದು.

ಆಯಿಗೆ ಮರೆವು ಹತ್ತಿದಾಗ ನಿನ್ನ ಸೋದರಮಾವ, ತನ್ನ ಪರವಾಗಿ ವ್ಯವಹಾರ ಮಾಡಲು ಆಕೆ ಬರೆದುಕೊಟ್ಟ 'ವಟಮುಖತ್ಯಾರ ಪತ್ರ ಐತಲ್ಲ' ಎಂದು ನಿಶ್ಚಿಂತನಾಗಿದ್ದ. ಬರೆದುಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದರೆ ಆ ಪತ್ರ ನಡೆಯುವುದಿಲ್ಲ. ಮುಪ್ಪಿನ ಮರೆವಿನ ಕಾಯಿಲೆ 1999ರ ಕಾಯ್ದೆಯಲ್ಲೂ ಬರುವುದಿಲ್ಲ. ಪಾಪ, ಆಕೆಯ ಗಾರ್ಡಿಯನ್ ಆಗಲು ಅವನು ಹೈಕೋರ್ಟಿನ ಧಾರವಾಡ ಪೀಠದವರೆಗೆ ಹೋಗಬೇಕಾಯಿತು.

ನನಗೀಗ 62. ನನ್ನ ನಂತರ ಈ ಅಧಿಕಾರ ತಾನಾಗಿ ನಿನಗೆ ಬರುವುದಿಲ್ಲ, ಹೊಸದಾಗಿ ಅರ್ಜಿ ಹಾಕಬೇಕು. ಅಕ್ಕ ಅನ್ನುವ ಒಂದೇ ಕಾರಣಕ್ಕೆ ಹೂಂ ಅನ್ನಬೇಡ. ನಿನ್ನ ಸಂಸಾರ, ನೌಕರಿ ನೋಡಿಕೊಂಡು ಹೇಳು. ಒಲ್ಲೆ ಅಂದರೂ ನನಗೆ ಬೇಸರವಿಲ್ಲ, ಬೇರೆ ದಾರಿ ಹುಡುಕಲು ಇನ್ನೂ ಕಾಲವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೀಮಿತ ಪಾಲಕತ್ವ ಅಂತಿದೆ: ಇಂಥ ಕೆಲಸಕ್ಕೆ, ಇಷ್ಟು ಕಾಲಕ್ಕೆ, ಪಾಲಕರು ಮತ್ತು ಅಂಗವಿಕಲರು ಇಬ್ಬರೂ ಕೂಡಿ ತೀರ್ಮಾನ ಮಾಡುವುದು. ನನ್ನ ಮನಸ್ಸಿಗೆ ಹತ್ತಿದ್ದು ಅದೇ 'ಕೂಡಿ' ಅನ್ನುವ ಮಾತು.

ದೀಪಾವಳಿಗೆ ಬಂದಾಗ ಅವನ ಜೋಡಿ ಕಟ್ಟೆಯ ಮೇಲೆ ಕೂತು ನೀನೇ ಕೇಳು. ಅವಸರ ಮಾಡಬೇಡ, ಉತ್ತರಕ್ಕೆ ಅವನಿಗೆ ಹೊತ್ತು ಬೇಕಾಗುತ್ತದೆ. ವಹಿ ದೇವರ ಜಗಲಿಯ ಕೆಳಗಿನ ಟ್ರಂಕಿನಲ್ಲಿದೆ.

ನಿನ್ನ ಅವ್ವ