ನನ್ನ ಎಡಗಡೆ ನಿಂತವರಿಗೆ

ಎಲ್ರಿಗೂ ನಮಸ್ಕಾರ. ಹನ್ನೊಂದು ತಿಂಗಳ ಮೇಲೆ ನಿನ್ನೆ ಡೊಂಬಿವಲಿಯಿಂದ ಘಾಟ್‌ಕೋಪರ್‌ಗೆ ಒಬ್ಬನೇ ಮುಂಬೈ ಲೋಕಲ್ ಟ್ರೈನಲ್ಲಿ ಬಂದು ಹೋಟೆಲಿನ ಗಲ್ಲಾದಲ್ಲಿ ಕೂತೆ. ಸ್ಟ್ರೋಕ್ ಆಗಿ ಎಡಗಡೆಯ ನೋಟ ಹೋದದ್ದು ಹೇಗೆ, ಈಗ ಹೇಗಿದ್ದೀರಿ ಅಂತ ಫೋನ್ ಮಾಡಿ ಮಾಡಿ ಕೇಳಿದವ್ರಿಗೆಲ್ಲ ಒಟ್ಟಿಗೇ ಇಲ್ಲಿ ಹೇಳ್ತೇನೆ.

ಶುರುವಾದದ್ದು ಉಪ್ಪಿನಕಾಯಿಯಿಂದ. ಊಟಕ್ಕೆ ಕೂತವ "ಉಪ್ಪಿನಕಾಯಿ ಯಾಕೆ ಬಡಿಸ್ಲಿಲ್ಲ" ಅಂತ ಹೆಂಡ್ತಿಗೆ ರೇಗಿದೆ, ಅವ್ಳು ಮಾತಾಡದೆ ತಟ್ಟೆ ತಿರುಗಿಸಿದ್ಲು, ಉಪ್ಪು, ಉಪ್ಪಿನಕಾಯಿ, ಪಲ್ಯ ಎಲ್ಲ ಎಡಗಡೆ ಹಾಗೇ ಉಂಟು! ಎಡಗಣ್ಣು ಕೆಟ್ಟಿತು ಅಂದ್ಕೊಂಡು ಎರಡು ದಿನ ಹಾಳು ಮಾಡಿ ಆಮೇಲೆ ಕನ್ನಡಕದ ಅಂಗಡಿಗೆ ಹೋದೆ. ಅಲ್ಲಿ ಕಣ್ಣು ಚೆಕ್ ಮಾಡುವ ಹುಡುಗಿ ಒಂದೊಂದೇ ಕಣ್ಣು ಮುಚ್ಚಿಸಿ ಬೆರಳು ಆಡಿಸಿದ್ಲು. ಬರೀ ಬಲಗಣ್ಣಲ್ಲಿ ನೋಡಿದ್ರೂ ಎಡಗಡೆ ಅರ್ಧ ಇಲ್ಲ. "ಕಾಕಾ, ಇದು ನಂಬರ್ ಅಲ್ಲ, ಈಗ್ಲೇ ಆಸ್ಪತ್ರೆಗೆ ಹೋಗಿ" ಅಂದ್ಲು. ಬೇಕಿದ್ರೆ ಒಂದು ಕನ್ನಡಕ ಮಾರಿ ಕಳಿಸ್ಬಹುದಿತ್ತು. ಮೊದಲ ಕೈಮುಗಿತ ಆ ಮಗುವಿಗೆ.

ಎಂಆರ್‌ಐ ಮಾಡಿದ್ರೆ ಮೆದುಳಿನ ಹಿಂಭಾಗ ಬಲಗಡೆ ಸ್ಟ್ರೋಕ್. ಎರಡೂ ಕಣ್ಣಿನ ಎಡಬದಿಯ ನೋಟ ಹೋಗಿ ಸೇರೋದು ಬಲಮೆದುಳಿಗಂತೆ, ಕಣ್ಣೆರಡೂ ಸರಿಯೇ ಇತ್ತು. ಹೃದಯದ ಬಡಿತ ತಾಳ ತಪ್ಪಿ, ಅದಕ್ಕೆ ಎಟ್ರಿಯಲ್ ಫಿಬ್ರಿಲೇಶನ್ ಅಂತಾರೆ, ಅಲ್ಲಿ ಹೆಪ್ಪುಗಟ್ಟಿದ ರಕ್ತ ಮೇಲೆ ಹೋಗಿ ಸಿಕ್ಕಿಕೊಂಡಿದೆ. ಹೆಪ್ಪು ಕರಗಿಸುವ ಇಂಜೆಕ್ಷನ್ 4.5 ಗಂಟೆಯೊಳಗೆ ಕೊಡ್ಬೇಕಿತ್ತು. ಕೈಕಾಲು ಬಿದ್ದಿಲ್ಲ, ಬಾಯಿ ಸೊಟ್ಟ ಆಗಿಲ್ಲ, ಸ್ಟ್ರೋಕ್ ಅಂತ ಯಾರಿಗೆ ಹೊಳೀಬೇಕು ಮಾರಾಯ್ರೆ.

ನೋಟ ಎಲ್ಲೆಲ್ಲಿ ಉಂಟು ಅಂತ ನೋಡುವ ಫೀಲ್ಡ್ ಟೆಸ್ಟ್ ಅಂತ ಒಂದುಂಟು, ಗದ್ದ ಊರಿ ಕೂತು ಬೆಳಕಿನ ಚುಕ್ಕಿ ಕಂಡಾಗ ಬಟನ್ ಒತ್ತೋದು. ಪ್ರಿಂಟ್ ನೋಡಿದ್ರೆ ಎರಡೂ ಕಣ್ಣಿನ ಚಕ್ರ ಅರ್ಧ ಸೀದ ದೋಸೆ ಹಾಗೆ. ಆದ್ರೆ ನನಗೆ ಅಲ್ಲಿ ಕಪ್ಪು ಕಾಣೋದಿಲ್ಲ, ಏನೂ ಇಲ್ಲ ಅಷ್ಟೆ, ನಿಮ್ಮ ಬೆನ್ನ ಹಿಂದೆ ನಿಮಗೆ ಕಪ್ಪು ಕಾಣ್ತದಾ? ಪಕ್ಕ ಕೂತಿದ್ದೊಬ್ರಿಗೆ ಮೆದುಳಿನ ಅಡಿಯ ಪಿಟ್ಯುಟರಿ ಗ್ರಂಥಿಯ ಗಡ್ಡೆ ಕಣ್ಣಿನ ನರ ಕೂಡುವಲ್ಲಿ ಒತ್ತಿ ಎರಡೂ ಕಣ್ಣಿನ ಹೊರಬದಿಯ ನೋಟ ಹೋಗಿತ್ತು, ಗಾಡಿ ಕುದುರೆಗೆ ಕಣ್ಣಪಟ್ಟಿ ಕಟ್ಟಿದ ಹಾಗೆ.

ಮೊದಲ ಮೂರು ತಿಂಗಳಲ್ಲಿ ಕೆಳಗಡೆ ಸ್ವಲ್ಪ ನೋಟ ಬಂತು, ಆಮೇಲೆ ಸುಧಾರಿಸೋದು ನಿಂತಿತು. ಥೆರಪಿಯ ಮೇಡಂ ಪೇಪರಿನ ಎಡ ಅಂಚಿಗೆ ಕೆಂಪು ಟೇಪ್ ಅಂಟಿಸಿ, ಅದು ಕಾಣೋ ತನಕ ಕಣ್ಣು ಹೊರಳಿಸಿ ಮತ್ತೆ ಓದಿ ಅಂದ್ರು. ಅಲ್ಲಿಯವರೆಗೆ ಬರೀ "ಗಳೂರು" ಕಾಣ್ತಿತ್ತು, ಸುದ್ದಿ ಮಂಗಳೂರಿಂದೋ ಬೆಂಗಳೂರಿಂದೋ ದೇವರೇ ಬಲ್ಲ. ನನ್ನ ತಲೆತಿನ್ನುವ ಪ್ರಶ್ನೆಗೆಲ್ಲ ಚೀಟಿ ಹಿಂದೆ ಚಿತ್ರ ಬರೆದು ಹೇಳಿದ ಡಾಕ್ಟ್ರಿಗೂ ತುಂಬ ಥ್ಯಾಂಕ್ಸ್.

ನಮ್ಮ ಟ್ರೈನ್ ಗ್ಯಾಂಗಿಗೆ ಏನು ಹೇಳ್ಲಿ, ತಿಂಗಳುಗಟ್ಟಲೆ ಪ್ರಾಕ್ಟೀಸ್‌ಗೆ ಕರ್ಕೊಂಡು ಹೋಗಿ ಸರದಿ ಹಾಕಿ ನನ್ನ ಎಡಗಡೆ ನಿಂತ್ರಿ. ನಿನ್ನೆ ನೀವಿಲ್ಲದೆ ಬೋರ್ಡ್ ನೋಡಿದೆ, ಬರೀ "ಕೋಪರ್". ಅದು ಡೊಂಬಿವಲಿಯ ಪಕ್ಕದ್ದೇ ಸ್ಟೇಷನ್. ಡೊಂಬಿವಲಿ ಬಿಟ್ಟು ಮುಕ್ಕಾಲು ಗಂಟೆ ಆಯ್ತು ಇನ್ನೂ ಕೋಪರಾ ಅಂತ ಎದೆ ಧಸಕ್ಕಂತು, ಕತ್ತು ತಿರುಗಿಸಿದ್ಮೇಲೆ "ಘಾಟ್" ಬಂತು, ಇಳಿದೆ.

ಹೋಟೆಲಿಗೆ ಬಂದ್ರೆ ಹುಡುಗರು ನನಗೆ ಹೇಳದೆ ಗಲ್ಲಾವನ್ನೇ ಆಚೆ ಗೋಡೆಗೆ ಸರಿಸಿ ಬಾಗಿಲು ಬಲಕ್ಕೆ ಬರೋ ಹಾಗೆ ಮಾಡಿದ್ದಾರೆ. ಗಂಟಲು ಕಟ್ಟಿತು, ಬೈಯೋಕೂ ಆಗ್ಲಿಲ್ಲ. ಹೆಂಡ್ತಿಗೆ ಥ್ಯಾಂಕ್ಸ್ ಹೇಳಿದ್ರೆ ನಗ್ತಾಳೆ, ಈಗ ಉಪ್ಪಿನಕಾಯಿ ಬಲಗಡೆಗೇ ಬಡಿಸ್ತಾಳೆ.

ಗಿರಾಕಿಗಳಲ್ಲಿ ಒಂದು ವಿನಂತಿ, ಎಡಗಡೆಯಿಂದ ದುಡ್ಡು ಚಾಚಿ ನಾನು ನೋಡದಿದ್ರೆ ಸಿಟ್ಟು ಮಾಡ್ಬೇಡಿ, "ಶೆಟ್ರೇ" ಅಂತ ಒಂದು ಕರೀರಿ.