ನಾಗಲಿಂಗ ಮರದ ಬುಡಕ್ಕೆ ಮಣ್ಣು ಬಿಡಿ

ಮಾನ್ಯ ಸಂಪಾದಕರೇ,

ಮೈಸೂರಿನ ನಮ್ಮ ಬಡಾವಣೆಯ ಉದ್ಯಾನದಲ್ಲಿ ನಿವಾಸಿಗಳೇ ಸೇರಿ 2006ರ ಜೂನ್‌ನಲ್ಲಿ ನೆಟ್ಟ ನಾಗಲಿಂಗ ಮರವೊಂದಿದೆ. ಕಳೆದ ವರ್ಷ ಉದ್ಯಾನವನ್ನು ನವೀಕರಿಸಿದವರು ಅದರ ಬುಡಕ್ಕೆ ತಾಗುವಂತೆ ಇಂಟರ್‌ಲಾಕ್ ಟೈಲ್ಸ್ ಹಾಸಿ, ಸುತ್ತ ಸಿಮೆಂಟ್ ಕಟ್ಟೆ ಕಟ್ಟಿದ್ದಲ್ಲದೆ, ಕಾಂಡದ ಮೇಲೆ ಹೆಣೆದುಕೊಂಡಿದ್ದ ಕಡ್ಡಿಗಳನ್ನೆಲ್ಲ ಒಣಗಿದವೆಂದು ಭಾವಿಸಿ ಸವರಿ ಹಾಕಿದರು. ಅಲ್ಲಿಂದೀಚೆಗೆ ಮರ ಒಂದು ಹೂವನ್ನೂ ಬಿಟ್ಟಿಲ್ಲ.

ಒಣಗಿದಂತೆ ಕಾಣುವ ಆ ಕಡ್ಡಿಗಳೇ ನಾಗಲಿಂಗದ ಹೂಗೊಂಚಲುಗಳು. ಬೇರೆ ಮರಗಳಂತೆ ಇದು ಎಲೆಗಳ ನಡುವೆ ಹೂ ಬಿಡುವುದಿಲ್ಲ. ಹಲಸಿನ ಕಾಯಿಯ ಹಾಗೆ ಇದರ ಹೂವೂ ಕಾಂಡದಿಂದಲೇ ಹೊರಡುತ್ತದೆ. ಒಂದೇ ಗೊಂಚಲು ವರ್ಷಗಟ್ಟಲೆ ಬೆಳೆಯುತ್ತ, ತುದಿಯಲ್ಲಿ ಮತ್ತೆ ಮತ್ತೆ ಮೊಗ್ಗು ಹಿಡಿಯುತ್ತ ಹೋಗುವುದರಿಂದ, ಅದನ್ನು ಒಮ್ಮೆ ಕಡಿದರೆ ಮುಂದೆ ಬರಬೇಕಿದ್ದ ಹೂಗಳನ್ನೂ ಕಡಿದಂತೆ. ಲಿಂಗದ ಮೇಲೆ ಹೆಡೆ ಬಿಚ್ಚಿದಂತಿರುವ ಆ ಹೂವಿನಲ್ಲಿ ಮಕರಂದವಿಲ್ಲ. ಹೆಡೆಯಂತಹ ಭಾಗದ ಪರಾಗವನ್ನು ಉಣ್ಣಲು ಬಂದ ದುಂಬಿಯ ಬೆನ್ನಿಗೆ, ಒಳಗಿನ ಬಳೆಯಂತಹ ಕೇಸರಗಳ ಫಲವಂತ ಪರಾಗ ಅಂಟಿಕೊಳ್ಳುತ್ತದೆ. ನಮ್ಮ ಮರ ಮೊದಲ ಸಲ ಹೂ ಬಿಟ್ಟ ವರ್ಷ ಬೆಳಗಿನ ವಾಯುವಿಹಾರಕ್ಕೆ ಬಂದವರು ಇದನ್ನು ನೋಡುತ್ತ ಗಂಟೆಗಟ್ಟಲೆ ನಿಂತದ್ದುಂಟು.

ಶಿವಾಲಯಗಳ ಅಂಗಳದಲ್ಲಿ ನೋಡಿ ರೂಢಿಯಾದ ಈ ಮರವನ್ನು ನಮ್ಮ ನೆಲದ್ದೆಂದೇ ಬಹಳಷ್ಟು ಜನ ನಂಬಿದ್ದಾರೆ. ವಾಸ್ತವವಾಗಿ ಇದು ದಕ್ಷಿಣ ಅಮೆರಿಕದ ಗಯಾನಾ, ಅಮೆಜಾನ್ ಪ್ರದೇಶದ ಮಳೆಕಾಡಿನ ಮರ. 1775ರಲ್ಲಿ ಫ್ರೆಂಚ್ ಸಸ್ಯವಿಜ್ಞಾನಿ ಆಬ್ಲೆ ಇದನ್ನು ವಿವರಿಸಿದಾಗ ಇಟ್ಟ ಹೆಸರಿನಲ್ಲೇ ಗಯಾನಾ ಸೇರಿಕೊಂಡಿದೆ. ಅಲ್ಲಿ ವರ್ಷಕ್ಕೆ 2000 ಮಿ.ಮೀ.ಗೂ ಮೀರಿ ಮಳೆ ಸುರಿಯುತ್ತದೆ. ಮೈಸೂರಿನ ಪಾಲಿಗೆ ಸಿಗುವುದು ಸುಮಾರು 800 ಮಿ.ಮೀ. ಆದ್ದರಿಂದ ಇಲ್ಲಿ ಸಸಿ ನೆಟ್ಟವರು ಕನಿಷ್ಠ ಮೂರು ಬೇಸಿಗೆಯಾದರೂ ಅದರ ಜೊತೆಗಿರಬೇಕು. ಜನವರಿಯಿಂದ ಮುಂಗಾರು ಹಿಡಿಯುವವರೆಗೆ ನಾವು ವಾರಕ್ಕೆ ಎರಡು ಸಲ ಬಕೆಟ್‌ನಲ್ಲಿ ನೀರು ಹೊತ್ತು, ಕಾಂಡದಿಂದ ಒಂದಡಿ ದೂರಕ್ಕೆ ತೋಡಿದ ಪಾತಿಯಲ್ಲಿ ನಿಧಾನವಾಗಿ ಇಂಗಿಸುತ್ತಿದ್ದೆವು; ಉದ್ಯಾನದ ತರಗೆಲೆಗಳನ್ನು ಸುಡಲು ಬಿಡದೆ ಅದೇ ಪಾತಿಗೆ ಹೊದಿಸುತ್ತಿದ್ದೆವು. ಕೆಂಪು ಮಣ್ಣಿನಲ್ಲಿ ತೇವ ಉಳಿಸಲು ಇದಕ್ಕಿಂತ ಅಗ್ಗದ ಉಪಾಯ ನನಗೆ ತಿಳಿದಿಲ್ಲ.

ಈಗ ಆ ಪಾತಿಯ ಜಾಗದಲ್ಲಿ ಟೈಲ್ಸ್ ಇದೆ. ನೀರನ್ನು ಹೀರುವ ಎಳೆಬೇರುಗಳು ಮಣ್ಣಿನ ಮೇಲ್ಪದರದಲ್ಲೇ ಹರಡಿರುತ್ತವೆ. ಅವು ಉಸಿರಾಡಲು ಮಣ್ಣಿನ ಕಣಗಳ ನಡುವೆ ಗಾಳಿ ಬೇಕು. ದೆಹಲಿಯ ಮರಗಳ ಬುಡದಲ್ಲಿ ಒಂದು ಮೀಟರ್ ತ್ರಿಜ್ಯದೊಳಗಿನ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿತ್ತು. ಮರಗಳಿಗೆ ಹೆಸರಾದ ನಮ್ಮ ಊರಿನಲ್ಲಿ ಅಷ್ಟಾದರೂ ಪಾಲನೆಯಾಗಬೇಡವೇ?

ಇನ್ನೊಂದು ಮಾತನ್ನು ಹೇಳಲೇಬೇಕು. ನಾಗಲಿಂಗ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಎಲೆಯನ್ನೆಲ್ಲ ಒಮ್ಮೆಲೇ ಉದುರಿಸಿ, ಕೆಲವೇ ದಿನಗಳಲ್ಲಿ ಮತ್ತೆ ಚಿಗುರುತ್ತದೆ. ಬರಿಮೈಯಾದ ಮರವನ್ನು ಕಂಡು ಸತ್ತಿತೆಂದು ದೂರು ಕೊಟ್ಟವರು ನಮ್ಮಲ್ಲೂ ಇದ್ದರು. ಅವರು ಎರಡು ವಾರ ಕಾಯಬೇಕಿತ್ತು. ಕಾಯಿಯ ಬಗ್ಗೆ ಇರುವ ಭಯ ಮಾತ್ರ ನ್ಯಾಯವಾದದ್ದು. ಫಿರಂಗಿ ಗುಂಡಿನಷ್ಟು ಗಟ್ಟಿಯಾದ, ಹಲವು ಕಿಲೋ ತೂಗಬಲ್ಲ ಕಾಯಿ ಮೇಲಿಂದ ಬಿದ್ದರೆ ಪ್ರಾಣಾಪಾಯವಿದೆ, ಒಡೆದರೆ ತಿರುಳು ನಾರುತ್ತದೆ. ಆದರೆ ಪರಿಹಾರವಿರುವುದು ಜಾಗದ ಆಯ್ಕೆಯಲ್ಲಿ: ಪಾದಚಾರಿ ಮಾರ್ಗ, ವಾಹನ ನಿಲುಗಡೆ, ಮಕ್ಕಳ ಆಟದ ಜಾಗದ ಪಕ್ಕ ಇದನ್ನು ನೆಡಬಾರದು, ನೆಟ್ಟಲ್ಲಿ ಕೊಂಬೆಗಳು ಚಾಚುವಷ್ಟು ದೂರಕ್ಕೆ ಗಿಡಗಳ ಬೇಲಿ ಹಾಕಬೇಕು. ನವೀಕರಣದ ವೇಳೆ ಇದೇ ಮರದ ಕೆಳಗೆ ಕಲ್ಲುಬೆಂಚು ಇಟ್ಟಿದ್ದಾರೆ. ಅದನ್ನು ತಕ್ಷಣ ಬೇರೆಡೆಗೆ ಸರಿಸಬೇಕು.

ಮುಂಗಾರಿಗೆ ಮುಂಚೆ ಬುಡದ ಸುತ್ತಲಿನ ಕಟ್ಟೆಯನ್ನೂ ಒಂದೂವರೆ ಮೀಟರ್‌ವರೆಗಿನ ಟೈಲ್ಸನ್ನೂ ಬೇರಿಗೆ ಪೆಟ್ಟಾಗದಂತೆ ಎತ್ತಿಸಿ, ಕಾಂಡದ ಗೊಂಚಲುಗಳಿಗೆ ಇನ್ನು ಕತ್ತಿ ತಾಗಿಸಬಾರದೆಂದು ಕೆಲಸಗಾರರಿಗೆ ತಿಳಿಸಬೇಕಾಗಿ ಸಂಬಂಧಪಟ್ಟವರನ್ನು ಕೋರುತ್ತೇನೆ. ಪಾತಿ ತೋಡಿ ನೀರುಣಿಸುವ ಕೆಲಸವನ್ನು ಹಿಂದಿನಂತೆಯೇ ನಾವು ನಿವಾಸಿಗಳು ಮಾಡುತ್ತೇವೆ.

ಇತಿ,
ಬಡಾವಣೆಯ ಹಿರಿಯ ನಿವಾಸಿ, ಮೈಸೂರು