ಕೋವಿ ಠಾಣೆಯಲ್ಲಿ, ಹಂದಿ ಗದ್ದೆಯಲ್ಲಿ

ಮಾನ್ಯರೇ,

ನಾನು 78 ವರ್ಷದ ಮಲೆನಾಡಿನ ಅಡಿಕೆ ಬೆಳೆಗಾರ. ಚುನಾವಣೆ ಬಂದಾಗಲೆಲ್ಲ ನಮ್ಮ ಕೋವಿಗಳನ್ನು ಠಾಣೆಯಲ್ಲಿ ಇಡಿಸಿಕೊಳ್ಳುವ ಬಗ್ಗೆ ಈ ಪತ್ರ. ಹರೆಯದಲ್ಲಿ ಶಿಕಾರಿ ಮಾಡಿದವನು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೂ ಒಂದೆರಡು ವರ್ಷ ಬಿಟ್ಟಿರಲಿಲ್ಲ, ಸುಳ್ಳೇಕೆ ಹೇಳಲಿ. ಅಪ್ಪನ ಕೇಪಿನ ಕೋವಿಗೆ ಮಸಿ, ಅಂದರೆ ಮದ್ದಿನ ಪುಡಿ ಸುರಿದು, ತೆಂಗಿನ ನಾರು ತುರುಕಿ, ಗಜದ ಕೋಲಿನಿಂದ ಜಡಿದು, ಚರೆ ಗುಂಡು ಹಾಕಿ, ಕೊನೆಗೆ ಕಿಡಿ ಹೊತ್ತಿಸುವ ಕೇಪು ಕೂರಿಸಬೇಕಿತ್ತು. ಈಡು ತಪ್ಪಿತೋ, ಮತ್ತೆ ತುಂಬುವಷ್ಟರಲ್ಲಿ ಹಂದಿ ಆಚೆ ಗುಡ್ಡ ಹತ್ತಿರುತ್ತಿತ್ತು. ಹೊಂಚಿ ಮರಸು ಕೂತ ಎಷ್ಟೋ ರಾತ್ರಿ ಬರಿಗೈಯಲ್ಲಿ ಬಂದಿದ್ದೇವೆ, ಇಂಬಳ (ಜಿಗಣೆ) ಕಚ್ಚಿಸಿಕೊಂಡಿದ್ದಷ್ಟೇ ಲಾಭ.

ಈಗ ಕೆಲವರು ಜೀಪಿನಲ್ಲಿ ಬಂದು, ದೊಡ್ಡ ಲೈಟು ಬಿಟ್ಟು, ಕಣ್ಣು ಕುಕ್ಕಿ ನಿಂತ ಕಡವೆಗೆ ಕೂತಲ್ಲಿಂದಲೇ ಹೊಡೆಯುತ್ತಾರೆ. ಅದು ಶಿಕಾರಿಯಲ್ಲ, ಕಳ್ಳತನ. ಅಂಥವರ ಕೋವಿಗೆ ಲೈಸೆನ್ಸೂ ಇರುವುದಿಲ್ಲ.

ಲೈಸೆನ್ಸ್ ಇರುವ ನಮ್ಮ ಬೆಳೆ ರಕ್ಷಣೆಯ ಕೋವಿಗಳು ಮಾತ್ರ ಚುನಾವಣೆ ಘೋಷಣೆಯಾದೊಡನೆ ಠಾಣೆ ಸೇರಬೇಕು. ಪಂಚಾಯಿತಿ, ವಿಧಾನಸಭೆ, ಲೋಕಸಭೆ ಎಂದು ಒಂದಲ್ಲ ಒಂದು ಬರುತ್ತಲೇ ಇರುತ್ತದೆ. ಜಿಲ್ಲಾ ಪರಿಶೀಲನಾ ಸಮಿತಿ ಪ್ರತಿ ಲೈಸೆನ್ಸುದಾರನ ಹಿನ್ನೆಲೆ ನೋಡಿ, ಕೋವಿ ಇಡಿಸಿಕೊಳ್ಳಬೇಕೋ ಬೇಡವೋ ತೀರ್ಮಾನಿಸಬೇಕೆಂಬ ನಿಯಮವಿದೆ. ನಮ್ಮಲ್ಲಿ ಎಲ್ಲರಿಗೂ ಒಂದೇ ನೋಟಿಸು. ಕಳೆದ ಸಲ ವಾಪಸ್ ಬಂದ ಕೋವಿಯ ನಳಿಗೆಯೊಳಗೆ ತುಕ್ಕು, ಕೇಪಿಗೆ ಬಡಿಯುವ ಕುದುರೆ ಎಳೆದರೆ ನಿಲ್ಲುತ್ತಿಲ್ಲ. ಕಾಡುಕೋಣಕ್ಕೆ, ಮಂಗಕ್ಕೆ ಗಾಳಿಯಲ್ಲೊಂದು ಈಡು ಹಾರಿಸಿದರೂ ಸಾಕಿತ್ತು. ಅದೂ ಇಲ್ಲದೆ ಡಬ್ಬ ಬಡಿದುಕೊಂಡು ಹಗಲು ರಾತ್ರಿ ಕಳೆದೆವು.

ಅಪರಾಧದ ಹಿನ್ನೆಲೆ ಇಲ್ಲದ ರೈತರ ಕೋವಿಯನ್ನು ಮನೆಯಲ್ಲೇ ಇರಲು ಬಿಡಿ. ಠಾಣೆಯಲ್ಲೇ ಇಡಲೇಬೇಕೆಂದರೆ ಎಣ್ಣೆ ಹಚ್ಚಿಯಾದರೂ ಇಡಿ.

– ಓರ್ವ ಹಳೆಯ ಶಿಕಾರಿಗಾರ, ತೀರ್ಥಹಳ್ಳಿ ತಾಲ್ಲೂಕು